ಬಲಗೈ ಅಳತೆಯ ಚಾಕು

ಹೋದ ತಿಂಗಳು ಶಿರಸಿಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದೆ. ಮರಗಟ್ಟಿದ ತುಟಿಯ ಮೂಲೆಯಿಂದ ಜೊಲ್ಲು ಕಿವಿಯ ಕಡೆಗೆ ಇಳಿಯುತ್ತಿತ್ತು. ಡ್ರಿಲ್ಲು ಹಲ್ಲಿಗೆ ತಾಗಿದ್ದೇ ಒಂದು ವಾಸನೆ ಎದ್ದಿತು. ಸುಟ್ಟ ಉಗುರು, ಸುಟ್ಟ ಕೂದಲು, ಅದರ ಅಡಿಗೆ ಎಲ್ಲೋ ಹಳೆಯ ಕೀವು. ನನ್ನದೇ ಹಲ್ಲಿನ ಪುಡಿ ನನ್ನದೇ ಮೂಗಿಗೆ ಹೋಗುತ್ತಿದೆ ಎಂಬುದಕ್ಕಿಂತ, ಈ ವಾಸನೆ ನನಗೆ ಮೊದಲೇ ಗೊತ್ತು ಎಂಬುದು ಹೆಚ್ಚು ಹೇಸಿಗೆ ತಂದಿತು. ಕೈ ಎತ್ತಿದೆ. ನೋವಾಯಿತೇ ಎಂದು ಡಾಕ್ಟರು ಕೇಳಿದರು. ನೋವಲ್ಲ. ಎಮ್ಮೆಯ ಕೋಡಿಗೆ ತೂತು ಕೊರೆಯುವಾಗ ಬರುವ ವಾಸನೆ ಅದು. ಬಾಯಲ್ಲಿ ಹತ್ತಿ ಇಟ್ಟುಕೊಂಡು ಅದನ್ನು ವಿವರಿಸುವಂತಿರಲಿಲ್ಲ.

ಆ ಕೋಡು ಒಂದು ಚಾಕುವಿನ ಹಿಡಿಯಾಯಿತು. ಮಡಚುವ ಚಾಕು, ಕಿಸೆಯಲ್ಲಿ ಇಟ್ಟುಕೊಳ್ಳುವಂಥದ್ದು. ನಾನು ಕೈಯಾರೆ ಮಾಡಿದ ಮೊದಲನೆಯದು. ಅದನ್ನು ಮಾಡಿದ ಮಳೆಗಾಲದ ಕಥೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಎಲ್ಲಿ ಕೇಳುವವರು ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿದೆ. ಅಷ್ಟು ನುಣುಪಾದದ್ದು ನಿಜವಿರಲಾರದು. ಈ ಸಲ ಉಜ್ಜದೆ ಬರೆಯುತ್ತೇನೆ.

ಆಗ ನಾನು ಯಲ್ಲಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಸಹಾಯಕ. ಸೋರುವ ಮಾಡಿನ ದುರಸ್ತಿ ಎಂದು ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ದಿನಾ ಹೋಗಿ ಸಹಿ ಮಾಡಿ, ಬೀಗ ಇರುವುದನ್ನು ನೋಡಿ ವಾಪಸು ಬರುವುದು ನನ್ನ ಕೆಲಸ. ಉಮ್ಮಚಗಿಯ ಹತ್ತಿರ ಬಾಡಿಗೆಗೆ ಇದ್ದೆ. ಪಕ್ಕದ ಕೇರಿಯಲ್ಲಿ ಗಣಪಣ್ಣನ ಮನೆ. ಎಪ್ಪತ್ತು ದಾಟಿದ, ಸಣಕಲು, ಹೆಗಲ ಮೇಲೆ ಯಾವಾಗಲೂ ಒಂದು ಪಂಚೆ ಇರುವ ಮನುಷ್ಯ. ಅವನ ಕೆಲಸ ಕಸಿ ಕಟ್ಟುವುದು. ಮಾವು, ಜಾಯಿಕಾಯಿ, ಮುರುಗಲು, ಯಾವುದೇ ಇರಲಿ, ಗಣಪಣ್ಣ ಕಟ್ಟಿದರೆ ಹತ್ತಿತು ಎಂದೇ ಲೆಕ್ಕ. ಅವನ ಕೈಗುಣ ದೊಡ್ಡದು ಎಂದು ಸಿದ್ದಾಪುರದ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಅವನಿಗೆ ಒಂದೇ ಒಂದು ಹಟ. ಕಸಿ ಕಟ್ಟುವಾಗ ಯಾರೂ ನೋಡಬಾರದು. ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. ವಿದ್ಯೆ ಕದಿಯುತ್ತಾರೆಂದು ಹೆದರಿಕೆ, ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ.

ಆ ವರ್ಷದ ಬೇಸಿಗೆಯಲ್ಲಿ ಎರಡು ಸಂಗತಿ ನಡೆದವು. ಒಂದು, ಸಿದ್ದಾಪುರದಿಂದ ಬರುವಾಗ ಗಣಪಣ್ಣನ ಚೀಲ ಬಸ್ಸಿನಲ್ಲೇ ಉಳಿದುಹೋಯಿತು. ಅದರಲ್ಲಿ ಅವನ ಕಸಿ ಚಾಕು ಇತ್ತು. ಎಷ್ಟೋ ವರ್ಷ ಅವನೇ ಮಸೆದು ಮಸೆದು ತನ್ನ ಕೈಗೆ ಒಗ್ಗಿಸಿಕೊಂಡದ್ದು. ಶಿರಸಿ ಬಸ್ ನಿಲ್ದಾಣಕ್ಕೆ ಎರಡು ಸಲ ಹೋಗಿ ವಿಚಾರಿಸಿ ಬಂದ. ಸಿಗಲಿಲ್ಲ. ಎರಡನೆಯದು, ಊರ ಹಳ್ಳಕ್ಕೆ ಹೊಸ ಸೇತುವೆ ಮಂಜೂರಾಗಿ, ದಂಡೆಯ ಮೇಲಿದ್ದ ಹಳ್ಳದಪ್ಪೆಗೆ ಕೆಂಪು ಬಣ್ಣದ ಗುರುತು ಬಿತ್ತು. ಮಳೆ ಕಡಿಮೆಯಾದ ಮೇಲೆ ಕಡಿಯುತ್ತಾರೆ ಎಂದರು.

ಹಳ್ಳದಪ್ಪೆ ಎಂದರೆ ಒಂದು ಅಪ್ಪೆಮಿಡಿಯ ಮರ. ಉಪ್ಪಿನಕಾಯಿಗೆ ಹಾಕುವ ಕಾಡುಮಾವು. ಅದರ ಮಿಡಿ ಮುರಿದರೆ ಜೀರಿಗೆಯ ಪರಿಮಳ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದರೂ ಕಡಿದಾಗ ಕಟುಂ ಎನ್ನುತ್ತದೆ. ಅಂಥ ಮರ ಅದೊಂದೇ. ಬೀಜ ಹಾಕಿದರೆ ಅದೇ ಗುಣ ಬರುವುದಿಲ್ಲ, ಕಸಿಯೇ ಕಟ್ಟಬೇಕು. ಮರ ಬೀಳುವ ಮೊದಲು ಗಣಪಣ್ಣ ಕಟ್ಟಿದರೆ ಉಂಟು, ಇಲ್ಲದಿದ್ದರೆ ಆ ಮಿಡಿಯ ರುಚಿ ಜಾಡಿಗಳಲ್ಲಿ ಉಳಿದಿರುವಷ್ಟೇ.

ಶಿರಸಿಯಿಂದ ಯಾರೋ ಅವನಿಗೆ ಅಂಗಡಿಯ ಕಸಿ ಚಾಕು ತಂದುಕೊಟ್ಟರು. ಒಂದಲ್ಲ, ಮೂರು. ಮೂರನ್ನೂ ಮಾಡಿನ ಸಂದಿಗೆ ಸಿಕ್ಕಿಸಿ ಕೂತ.

"ಪ್ಯಾಟೆ ಚಾಕು ಎನ್ನ ಕೈಗೆ ಕೂರ್ತಿಲ್ಲೆ ಮಾರಾಯಾ," ಎಂದ.

"ಹಳೇದರ ಹಾಂಗೆ ನೀನೇ ಮಸೆದ್ರೆ?"

"ಕಣ್ಣಿಗೆ ಪೊರೆ ತೆಗೆಸಿದ ಮೇಲೆ ಮಸೆಯೂ ಕೆಲಸ ಬ್ಯಾಡ ಹೇಳಿದ್ದ ಡಾಕ್ಟ್ರು. ಕಿಡಿ ಹಾರ್ತಲ."

"ಹಾಂಗಾರೆ ಆನು ಮಾಡ್ಕೊಡ್ತೆ ಗಣಪಣ್ಣ. ನಿನ್ನ ಕೈಗೇ ಅಳತೆ ತಗಂಡು."

"ನೀನಾ? ಮಕ್ಕಗೆ ಲೋಲಕ ತೂಗಿ ತೋರ್ಸಂವ?" ಎಂದು ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲಿ ನಕ್ಕ. ಕೆಂಪು ರಸ ಗಲ್ಲದ ಮೇಲೆ ಇಳಿಯಿತು.

ಮರ ಉಳಿಸಬೇಕೆಂದು ಹಾಗೆ ಅಂದೆ ಎಂದು ಮುಂದೆಲ್ಲ ಹೇಳಿಕೊಂಡು ಬಂದೆ. ಅದು ಪೂರ್ತಿ ನಿಜವಲ್ಲ. ಫೋನಿನಲ್ಲಿ ಚಾಕು ಮಾಡುವವರ ವಿಡಿಯೊಗಳನ್ನು ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. ಅವುಗಳಲ್ಲಿ ಎಲ್ಲರ ಕೈಯೂ ಸ್ವಚ್ಛ. ನನಗೊಂದು ನೆಪ ಬೇಕಿತ್ತು. ಗಣಪಣ್ಣ ಸಿಕ್ಕಿದ.

ಮರುದಿನ ಲೆಡ್ಜರ್ ಕಾಗದ, ಪೆನ್ಸಿಲ್ ಹಿಡಿದು ಹೋದೆ. ಜಗಲಿಯ ಮೇಲೆ ಅವನ ಬಲಬದಿಗೆ ಕೂತು, "ಕೈ ಇಡು" ಎಂದೆ. ಅವನು ಕಾಗದವನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಬಲಗೈಯನ್ನು ಕಾಗದದ ಮೇಲೆ ಇಟ್ಟ. ನಾನು ಬೆರಳುಗಳ ಸುತ್ತ ಗೆರೆ ಎಳೆದೆ. ಹೆಬ್ಬೆರಳಿನ ಉದ್ದ, ಅಂಗೈಯ ಅಗಲ, ಮುಷ್ಟಿ ಕಟ್ಟಿದರೆ ಉಳಿಯುವ ಟೊಳ್ಳು, ಎಲ್ಲ ಬರೆದುಕೊಂಡೆ. ಅವನ ಎಡಗೈ ಪಂಚೆಯ ಅಡಿಗೆ ಇತ್ತೆಂದು ಈಗ ಅನ್ನಿಸುತ್ತದೆ. ಆಗ ಕಂಡಿತ್ತೋ, ಆಮೇಲೆ ನಾನೇ ಅಲ್ಲಿ ಇಟ್ಟೆನೋ ಹೇಳಲಾರೆ.

ಕಬ್ಬಿಣದ ಕೆಲಸ ಕಲಿಯಲು ಮಾಬ್ಲ ಆಚಾರಿಯ ಕುಲುಮೆಗೆ ಹೋದೆ. ಯಲ್ಲಾಪುರದ ಹೊರಗೆ ಹೆದ್ದಾರಿಯ ಮಗ್ಗುಲಿಗೆ ತಗಡಿನ ಶೆಡ್ಡು. ಕತ್ತಿ, ಕುಡುಗೋಲು, ಗುದ್ದಲಿ ಮಾಡುತ್ತಿದ್ದ. ನನ್ನ ಕಾಗದ ನೋಡಿ ಆಚಾರಿ ಮೂಗಿನಲ್ಲೇ ನಕ್ಕ.

"ಸರ್, ಮಡಚೂ ಚಾಕು ಅಂದ್ರೆ ಕತ್ತಿ ಅಲ್ಲ, ಬೀಗ. ಬೀಗ ಮಾಡೂಕೆ ಬರ್ತದಾ ನಿಮ್ಗೆ?"

"ಕಲಿಸಿದರೆ ಬರ್ತದೆ."

"ಕಲಿಸೂದು ನನ್ನ ಕೆಲ್ಸ ಅಲ್ಲ. ಬೇಕಾದ್ರೆ ಅಲ್ಲಿ ಕೂತು ಹಾಳು ಮಾಡಿ. ಹಾಳಾದ ಮೇಲೆ ನಾ ಹೇಳ್ತೆ, ಎಂತಕ್ಕೆ ಹಾಳಾಯ್ತು ಅಂತ."

ಅದೇ ಅವನ ಕಲಿಸುವ ಕ್ರಮ. ಕಬ್ಬಿಣ ಉಜ್ಜುವ ಸವೆದ ಅರವೊಂದನ್ನು ಕೊಟ್ಟ. ಅದನ್ನು ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ಮೆತ್ತಗಾದ ಮೇಲೆ ಗರಗಸದಿಂದ ಅಲಗಿನ ಆಕಾರಕ್ಕೆ ಕೊಯ್ಯಬೇಕು. ಮೊದಲನೆಯ ಅಲಗನ್ನು ನಾಲ್ಕು ದಿನ ಉಜ್ಜಿದೆ. ಹದ ಹಾಕಲು ಮತ್ತೆ ಕೆಂಪಗೆ ಮಾಡಿ ನೀರಿಗೆ ಅದ್ದಿದಾಗ ಟಿಣ್ ಎಂದು ಸೀಳಿತು. "ಅರಕ್ಕೆ ನೀರು ಆಗೂದಿಲ್ಲ, ಎಣ್ಣೆ ಬೇಕು," ಎಂದ ಆಚಾರಿ, ಸೀಳಿದ ಮೇಲೆ. ಎಣ್ಣೆ ಎಂದರೆ ಲಾರಿಗಳ ಇಂಜಿನ್ನಿನಿಂದ ಬಸಿದ ಹಳೆಯ ಎಣ್ಣೆ, ಡಬ್ಬದಲ್ಲಿ ಡಾಂಬರಿನ ಹಾಗೆ ಕಪ್ಪಗೆ ಕೂತಿತ್ತು. ಎರಡನೆಯದನ್ನು ಅದಕ್ಕೆ ಅದ್ದಿದಾಗ ಎದ್ದ ಹೊಗೆ ನನ್ನ ಗಂಟಲಲ್ಲಿ ಎರಡು ದಿನ ಉಳಿಯಿತು. ಉಗುಳಿದರೆ ಕಪ್ಪು. ಮೂಗು ಸೀನಿದರೆ ಕಪ್ಪು. ಎರಡನೆಯದರ ಬುಡದ ತೂತು ಓರೆಯಾಗಿ, ಮಡಚಿದರೆ ಅಲಗು ಹಿಡಿಯ ಹೊರಗೆ ನಾಲಿಗೆ ಚಾಚಿದಂತೆ ನಿಲ್ಲುತ್ತಿತ್ತು. ಅದನ್ನೂ ಎಸೆದೆ.

ಹಿಡಿಗೆ ಮರ ಹಾಕುವ ಅಂದಾಜಿತ್ತು. ಮಳೆಗಾಲದಲ್ಲಿ ಕಸಿ ಕಟ್ಟುವ ಚಾಕುವಿಗೆ ಮರ ಹಾಕಿದರೆ ಉಬ್ಬಿ ಅಲಗು ಕಚ್ಚಿಕೊಳ್ಳುತ್ತದೆ ಎಂದ ಆಚಾರಿ. ಶೆಡ್ಡಿನ ಹಿಂದೆ ಒಂದು ಗೋಣಿ ತೋರಿಸಿದ. ಅದರಲ್ಲಿ ಎಮ್ಮೆಯ ಕೋಡುಗಳು. ಒಂದನ್ನು ಎತ್ತಿದೆ. ಒಳಗಿನ ಎಲುಬಿನ ತಿರುಳು ಪೂರ್ತಿ ಒಣಗಿರಲಿಲ್ಲ. ಬಿಸಿನೀರಿನಲ್ಲಿ ಕುದಿಸಿ ಕಲ್ಲಿಗೆ ಬಡಿದಾಗ ತಿರುಳು ಜಾರಿ ನನ್ನ ಕಾಲ ಮೇಲೆ ಬಿತ್ತು. ಅದರ ಜೊತೆ ಬೆಂದ ಹುಳಗಳು, ಅಕ್ಕಿಕಾಳಿನಂತೆ. ನಾನು ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡೆ.

"ಹೊಟ್ಟೆ ಖಾಲಿ ಆಯ್ತಲ್ಲ, ಈಗ ಕೆಲ್ಸ ಹಗುರ ಆಗ್ತದೆ," ಎಂದ ಆಚಾರಿ, ಬಿಸಿ ಕೋಡನ್ನು ಎರಡು ಹಲಗೆಗಳ ನಡುವೆ ಇಟ್ಟು ಚಪ್ಪಟೆ ಮಾಡಲು ಕಾಲು ಕೊಡುತ್ತ.

ಕೋಡು ಕೊರೆಯುವಾಗಲೇ ಆ ವಾಸನೆ. ಅದು ಅಂಗಿಯಲ್ಲಿ, ತಲೆದಿಂಬಿನಲ್ಲಿ, ಕೊನೆಗೆ ಅನ್ನದಲ್ಲೂ ಬಂತು. ಊಟಕ್ಕೆ ಕೂತು ಬಲಗೈ ಎತ್ತಿದರೆ ಬೆರಳ ಸಂದಿಯಿಂದ ಬರುತ್ತಿತ್ತು. ಸಾಬೂನು, ಸೀಗೆಪುಡಿ, ಹುಣಸೆಹಣ್ಣು, ಯಾವುದಕ್ಕೂ ಹೋಗಲಿಲ್ಲ. ಆ ದಿನಗಳಲ್ಲಿ ನನ್ನ ಮೈಯಲ್ಲಿ ಅತ್ಯಂತ ಕೊಳಕಾದ ಭಾಗ ಯಾವುದೆಂದರೆ ಉಣ್ಣುವ ಕೈ. ಆದರೂ ಅದರಲ್ಲೇ ಉಂಡೆ. ಬೇರೆ ಕೈಯಲ್ಲಿ ಉಣ್ಣಬಹುದೆಂದು ತಲೆಗೇ ಹೊಳೆಯಲಿಲ್ಲ.

ಮೂರನೆಯ ಅಲಗು ನಿಂತಿತು. ಹದ ಇಳಿಸಲು ಕಾಯಿಸಿದಾಗ ಅದರ ಮೇಲೆ ಒಣಹುಲ್ಲಿನ ಬಣ್ಣ ಮೆಲ್ಲಗೆ ಹರಡಿ ಬಂದುದು ಆ ಇಡೀ ಕೆಲಸದಲ್ಲಿ ನನಗೆ ಸಿಕ್ಕಿದ ಒಂದೇ ಚೆಂದ. ಬೆನ್ನಿನ ಸ್ಪ್ರಿಂಗಿಗೆ ಅದೇ ಅರದ ತುಂಡು. ಒಳತಗಡಿಗೆ ಹಳೆಯ ಹಿತ್ತಾಳೆ ತಂಬಿಗೆಯ ತಳ. ರಿವಿಟ್ಟಿಗೆ ಸೈಕಲ್ ಚಕ್ರದ ಕಡ್ಡಿ. ರಿವಿಟ್ಟನ್ನು ಒಂದು ಪೆಟ್ಟು ಹೆಚ್ಚು ಬಡಿದರೆ ಚಾಕು ತೆರೆಯುವುದಿಲ್ಲ, ಒಂದು ಪೆಟ್ಟು ಕಡಿಮೆಯಾದರೆ ಅಲುಗುತ್ತದೆ. ಕೊನೆಗೆ ಅಲಗನ್ನು ಮಸೆದು ಬಾಯಿ ಕೊಡುವ ಹೊತ್ತಿಗೆ ಆಚಾರಿ ಕೇಳಿದ:

"ಎರಡೂ ಬದಿಗೆ ಕೊಡೂದಾ, ಒಂದೇ ಬದಿಗಾ?"

"ಒಂದೇ ಬದಿಗೆ. ಕಸಿ ಚಾಕು. ಬಲಗೈಯವರಿಗೆ."

ಇದನ್ನು ಇಲ್ಲಿ ಹೇಳಿಬಿಡಬೇಕು. ಕಸಿ ಚಾಕುವಿನ ಅಲಗು ಒಂದು ಬದಿಗೆ ಚಪ್ಪಟೆ, ಇನ್ನೊಂದು ಬದಿಗೆ ಇಳಿಜಾರು. ಕೊಯ್ಯುವಾಗ ಚಪ್ಪಟೆ ಬದಿ ಕಡ್ಡಿಗೆ ಅಂಟಿಕೊಂಡು ಹೋದರೆ ಗಾಯ ಗಾಜಿನಂತೆ ಸಪಾಟಾಗುತ್ತದೆ. ಎರಡು ಸಪಾಟು ಗಾಯಗಳು ಕೂಡಿದರೆ ಕಸಿ ಹತ್ತುತ್ತದೆ. ಅದೇ ಚಾಕುವನ್ನು ಇನ್ನೊಂದು ಕೈಯಲ್ಲಿ ಹಿಡಿದರೆ ಇಳಿಜಾರು ಕಡ್ಡಿಯ ಕಡೆಗೆ ಬಂದು ಅಲಗು ಮೇಲೆ ಜಾರುತ್ತದೆ. ಗಾಯ ಚಮಚದಂತೆ ತಗ್ಗಾಗುತ್ತದೆ. ಮಧ್ಯೆ ಗಾಳಿ ಕೂತು ಕೊಳೆಯುತ್ತದೆ.

"ಬಲಗೈಯೇ ಹೌದಾ? ಕೇಳಿದ್ರಾ?" ಎಂದ ಆಚಾರಿ.

"ಕೇಳೂದೆಂತಕ್ಕೆ? ಅಳತೆಯೇ ತಂದಿದ್ದೇನಲ್ಲ," ಎಂದು ಕಾಗದ ಬಿಡಿಸಿ ತೋರಿಸಿದೆ. ಅವನು ಮಸೆಯುವ ಕಲ್ಲನ್ನು ನನ್ನ ಕಡೆಗೆ ತಳ್ಳಿದ.

ಜುಲೈಯಲ್ಲಿ ಚಾಕು ಒಯ್ದು ಗಣಪಣ್ಣನಿಗೆ ಕೊಟ್ಟೆ. ತೆರೆದ. ಟಕ್. ಮಡಚಿದ. ಟಕ್. ಬಲಗೈಯಲ್ಲಿ ಹಿಡಿದು ಗಾಳಿಯಲ್ಲಿ ಒಂದು ಸಲ ಎಳೆದ. ಹೆಬ್ಬೆರಳು ತಡವರಿಸಿತು. ವಯಸ್ಸು ಎಂದುಕೊಂಡೆ.

"ಎಂತದಿದು, ಕೋಡಾ?"

"ಹೌದು. ಹೇಸಿಗೆ ಅನ್ಸಿದ್ರೆ ಹೇಳು, ಬದಲಿಸ್ತೆ."

"ಕೋಡಿಗೆಂತ ಹೇಸಿಗೆ," ಎಂದ. "ಅಡ್ಡಿಲ್ಲೆ. ಚಲೋ ಇದ್ದು."

ಹಳ್ಳದಪ್ಪೆಯಿಂದ ನಲವತ್ತು ಚಿಗುರುಕಡ್ಡಿ ತಂದು, ನಲವತ್ತು ಮಾವಿನ ಸಸಿಗಳಿಗೆ ಎರಡು ದಿನ ಕೂತು ಕಸಿ ಕಟ್ಟಿದ. ಗೋಡೆಗೆ ಮುಖ. ನಾನು ಅಂಗಳದಲ್ಲಿ ಕೂತು ಒಳಗಿನಿಂದ ಟಕ್ ಎಂಬ ಸದ್ದು ಬರುವುದನ್ನು ಕೇಳುತ್ತಿದ್ದೆ. ನನ್ನ ಸ್ಪ್ರಿಂಗು, ನನ್ನ ರಿವಿಟ್ಟು. ಅಷ್ಟು ಹೆಮ್ಮೆ ಇನ್ನಾವುದಕ್ಕೂ ಪಟ್ಟಿಲ್ಲ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ, ಇರಲಿ.

ಆಗಸ್ಟಿನಲ್ಲಿ ಕಸಿಯ ಮೇಲಿನ ಪ್ಲಾಸ್ಟಿಕ್ ಕೊಟ್ಟೆಗಳನ್ನು, ಆ ಸಣ್ಣ ಚೀಲಗಳನ್ನು, ಬಿಚ್ಚಿದೆವು. ಒಂದೊಂದನ್ನು ಬಿಚ್ಚಿದಾಗಲೂ ಕೊಳೆತ ಸೌತೆಯಂಥ ನಾತ. ಕಡ್ಡಿಗಳೆಲ್ಲ ಕಪ್ಪು. ಕಟ್ಟಿದ ಜಾಗದಲ್ಲಿ ಬಿಳಿ ಬೂಷ್ಟು, ಮುಟ್ಟಿದರೆ ಲೋಳೆ. ಗಣಪಣ್ಣ ಮೂವತ್ತೊಂಬತ್ತು ಬಿಚ್ಚಿ ನೋಡಿದ. ನಲವತ್ತನೆಯದನ್ನು ಬಿಚ್ಚಲೇ ಇಲ್ಲ, ಬುಡಸಮೇತ ಗೊಬ್ಬರಗುಂಡಿಗೆ ಎಸೆದ.

"ಚಾಕು ಚಲೋ ಇತ್ತು ತಮಾ," ಎಂದ. "ಎನ್ನ ಕೈಯೇ ಹೋತು."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಚಾಕುವಿನ ತಪ್ಪಲ್ಲವಲ್ಲ. ಮುದುಕನೊಬ್ಬ ತನ್ನ ಬದುಕಿನ ಕಸುಬನ್ನೇ ಗೊಬ್ಬರಗುಂಡಿಗೆ ಹಾಕುತ್ತಿರುವಾಗ, ನಾನು ನನ್ನ ಚಾಕು ಪಾರಾಯಿತೆಂದು ಉಸಿರು ಬಿಟ್ಟೆ.

ಸುದ್ದಿ ಒಂದು ದಿನದಲ್ಲಿ ಊರು ಸುತ್ತಿತು. ಗಣಪಣ್ಣನ ಕೈಗುಣ ಹೋಯಿತಂತೆ. ಪಕ್ಕದ ಮನೆಯ ಶಾರದಕ್ಕ, ಹಳ್ಳದಪ್ಪೆಯ ಉಪ್ಪಿನಕಾಯಿಗೆ ಹೆಸರಾದವಳು, ನನ್ನನ್ನು ದಾರಿಯಲ್ಲಿ ನಿಲ್ಲಿಸಿದಳು.

"ನಲವತ್ತಕ್ಕೆ ಒಂದೂ ಹತ್ತಿದ್ದಿಲ್ಯಡ, ಹೌದನಾ? ಕೈಗುಣ ಹೇಳೂದು ಹಾಂಗೇಯ. ದೇವರು ಕೊಟ್ಟಿದ್ದು, ದೇವರೇ ತಗಂಡ. ನಿನ್ನ ಕೋಡಿನ ಚಾಕು ಮುಟ್ಟಿದ್ದಕ್ಕೇ ಹೋತು ಹೇಳಿ ಎನಗೆ ಅನಿಸ್ತು."

ಎರಡು ತೋಟದವರು ಕಸಿಗೆ ಬರುವುದು ಬೇಡವೆಂದು ಗಣಪಣ್ಣನಿಗೆ ಹೇಳಿ ಕಳಿಸಿದರು. ಅವನು ಜಗಲಿಗೆ ಬರುವುದನ್ನೇ ಬಿಟ್ಟ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಚಾಕು ಮಸೆದುಕೊಡುತ್ತೇನೆಂದು ಹೋದೆ. ಮುಂಬಾಗಿಲು ಹಾಕಿತ್ತು. ಕೊಟ್ಟಿಗೆಯ ಹಿಂದಿನಿಂದ ಸುತ್ತಿಕೊಂಡು ಹೋದೆ. ಆ ಕಡೆಯಿಂದ ಯಾರೂ ಹೋಗುತ್ತಿರಲಿಲ್ಲ. ಗಣಪಣ್ಣ ಗೋಡೆ ಬಿಟ್ಟು ಹಿತ್ತಲಲ್ಲಿ, ನನ್ನ ಕಡೆಗೇ ಮುಖ ಮಾಡಿ ಕೂತಿದ್ದ. ಸುತ್ತ ಗೊಬ್ಬರಗಿಡದ ಕಡ್ಡಿಗಳ ರಾಶಿ. ಒಂದೊಂದೇ ಕಡ್ಡಿ ಎತ್ತಿ ಓರೆಯಾಗಿ ಕೊಯ್ದು, ಕಣ್ಣ ಹತ್ತಿರ ಹಿಡಿದು ನೋಡಿ, ಎಸೆದು, ಇನ್ನೊಂದು ಎತ್ತುತ್ತಿದ್ದ. ಕೈ ಎಲ್ಲಿ ತಪ್ಪುತ್ತಿದೆ ಎಂದು ಹುಡುಕುತ್ತಿದ್ದ. ಚಾಕು ಅವನ ಎಡಗೈಯಲ್ಲಿತ್ತು.

ನನ್ನನ್ನು ಕಂಡವನೇ ಕೈಯನ್ನು ಪಂಚೆಯ ಅಡಿಗೆ ತುರುಕಿದ, ತೆರೆದ ಅಲಗಿನ ಸಮೇತ. ಕಳ್ಳ ಸಿಕ್ಕಿಬಿದ್ದ ಹಾಗೆ.

"ಯಾವಾಗ ಬಂದೆ?"

"ಈಗ."

"ನೋಡಿದ್ಯಾ?"

"ಹೂಂ."

ಒಂದು ಕಡ್ಡಿ ಎತ್ತಿಕೊಂಡೆ. ಗಾಯ ಚಮಚದಂತೆ ತಗ್ಗಾಗಿತ್ತು. ಮತ್ತೊಂದು, ಅದೂ ಹಾಗೇ. ನನಗೆ ಎಲ್ಲ ಒಮ್ಮೆಲೇ ಗೊತ್ತಾಯಿತು.

"ಗಣಪಣ್ಣ, ಆವತ್ತು ಬಲಗೈ ಎಂತಕ್ಕೆ ಇಟ್ಟೆ?"

"ನೀನು ಬಲಬದಿಗೇ ಬಂದು ಕೂತೆ. ಎಡಗೈ ಇಡು ಹೇಳಿ ಕೇಳಿದ್ಯನಾ?" ಎಡಗೈಯನ್ನು ಪಂಚೆಯ ಅಡಿಯಿಂದ ಹೊರಗೆ ತೆಗೆದು ಹೇಳಿದ: "ಶಾಲೇಲಿ ಮಾಸ್ತರು ಈ ಕೈಯ ಬೆಂಚಿಗೆ ಕಟ್ಟಿ ಹಾಕಿದಿದ್ರು. ಮನೇಲಿ ಅಪ್ಪಯ್ಯ ಉಂಬಲೆ ಕೂತಾಗ ಮುಷ್ಟಿ ಮೇಲೆ ಹೊಡಿತಿದ್ದ. ಬರೆಯೂದು ಬಲಗೈಗೆ ಬಂತು. ಉಂಬೂದು ಬಂತು. ಕಸಿ ಒಂದು ಬರಲೇ ಇಲ್ಲೆ."

"ಹೇಳಿದ್ರೆ ಎಂತಾಗ್ತಿತ್ತು? ನಲವತ್ತು ಕಡ್ಡಿ ಸತ್ತೋತಲ!"

"ಎಂತಾಗ್ತಿತ್ತಾ? ಎಡಗೈಲಿ ಕಟ್ಟಿದ್ದು ಹೇಳಿ ಗೊತ್ತಾದ್ರೆ ಯಾರು ಗಿಡ ಒಯ್ತ? ಐವತ್ತು ವರ್ಷದಲ್ಲಿ ಆನು ಕಟ್ಟಿದ ಮರ ಇಡೀ ಸೀಮೇಲಿ ಇದ್ದು. ಅದರ ಹಣ್ಣು ದೇವರಿಗೆ ಇಡ್ತ. ಈಗ ಹೋಗಿ ಹೇಳಲಾ?"

ಅವನ ಮೇಲೆ ನನಗೆ ಹೇಸಿಗೆಯಾಯಿತು. ನಾಚಿಕೆಗೆ ಬಿದ್ದು ಒಂದು ಮರದ ವಂಶವನ್ನೇ ಕೊಳೆಸಿದನಲ್ಲ ಎಂದು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಮಾಸ್ತರ ಮೇಲೆ, ಆ ಅಪ್ಪನ ಮೇಲೆ, ಕೈಗುಣ ಕೈಗುಣ ಎಂದು ಹೊಗಳುತ್ತ ಆ ಕೈಯನ್ನು ಒಮ್ಮೆಯೂ ಕಾಣದ ಊರಿನ ಮೇಲೆ, ಪಕ್ಕದಲ್ಲೇ ಕೂತು ಗೆರೆ ಎಳೆದೂ ಕೇಳದ ನನ್ನ ಮೇಲೆ ಅದು ಹಂಚಿಹೋಯಿತು. ಕೋಡಿನ ಹುಳ ಕಂಡಾಗ ವಾಂತಿಯಾದರೂ ಬಂದಿತ್ತು. ಇದಕ್ಕೆ ಅದೂ ಇಲ್ಲ.

"ಚಾಕು ಕೊಡು," ಎಂದೆ. "ಬಾಯಿ ಆಚೆ ಬದಿಗೆ ಹಾಕಿಸ್ಕ ಬರ್ತೆ. ಯಾರಿಗೂ ಹೇಳ್ತಿಲ್ಲೆ."

ಮಾಬ್ಲ ಆಚಾರಿ ಚಾಕು ನೋಡಿ, ನನ್ನನ್ನು ನೋಡಿ, ಬಾಯಲ್ಲಿದ್ದದ್ದನ್ನು ಉಗಿದು ಬಂದ.

"ಎಡಗೈಗಾ? ಆಗ್ಲೇ ಕೇಳಿದ್ನಲ್ಲ ಸರ್."

"ಇದು ನನ್ನ ಭಾವನಿಗೆ," ಎಂದೆ.

ಆಚಾರಿ ಕೆಮ್ಮು ಬರುವಷ್ಟು ನಕ್ಕ. "ವರ್ಷಕ್ಕೆ ನಾಕೈದು ಜನ ಬರ್ತಾರೆ ನನ್ನ ಹತ್ರ. ಕುಡುಗೋಲಿನ ಹಲ್ಲು ಆಚೆ ಬದಿಗೆ ಹಾಕಿಕೊಡು ಅಂತ. ಒಬ್ಬ ತಮ್ಮನಿಗೆ ಅಂತಾನೆ, ಒಬ್ಬ ಭಾವನಿಗೆ ಅಂತಾನೆ. ತನಗೆ ಅಂತ ಇಷ್ಟು ವರ್ಷದಲ್ಲಿ ಒಬ್ಬನೂ ಹೇಳ್ಲಿಲ್ಲ. ಈ ಸೀಮೇಲಿ ಎಡಚರಿರೂದೆಲ್ಲ ಭಾವಂದಿರೇ!"

ಇಳಿಜಾರನ್ನು ಚಪ್ಪಟೆ ಮಾಡಿ, ಚಪ್ಪಟೆಯನ್ನು ಇಳಿಜಾರು ಮಾಡಬೇಕು. ಕಲ್ಲಿನ ಮೇಲೆ ನೀರು ಬಿಡುತ್ತ ಎರಡು ದಿನ ಉಜ್ಜಿದೆ. ಬಿಸಿಯಾದರೆ ಹದ ಹೋಗುತ್ತದೆ. ಅಲಗು ಮೊದಲಿನ ಅರ್ಧದಷ್ಟಾಯಿತು. ಬೆರಳಿನ ತುದಿಗಳು ಸವೆದು ರಕ್ತ ಕಲ್ಲಿನ ಕೆಸರಿನಲ್ಲಿ ಬೆರೆಯಿತು. ಆಚಾರಿ ಕೈ ಹಾಕಲಿಲ್ಲ, ಹಾಕೆಂದು ನಾನೂ ಹೇಳಲಿಲ್ಲ.

ಚಾಕುವನ್ನು ಗಣಪಣ್ಣನಿಗೆ ಮುಟ್ಟಿಸಿದ ಮರುದಿನ ಬೆಳಗ್ಗೆಯೇ ಮರ ಕಡಿಯುವವರು ಬಂದರು. ಯಂತ್ರದ ಗರಗಸದ ಸದ್ದು ಕೇಳಿ ಎಲ್ಲರೂ ಹಳ್ಳಕ್ಕೆ ಓಡಿದೆವು. ಆ ದಿನ ಮಳೆ ಇತ್ತೋ ಇಲ್ಲವೋ ನೆನಪಿಲ್ಲ. ಕಥೆ ಹೇಳುವಾಗೆಲ್ಲ ಬಿಸಿಲು ಹಾಕುತ್ತ ಬಂದಿದ್ದೇನೆ. ನಾವು ಮುಟ್ಟುವಾಗ ಮರ ಬಿದ್ದಾಗಿತ್ತು. ಕಡಿದ ಬುಡದಿಂದ ಸೊನೆ ಒಸರಿ ಗರಗಸದ ಎಣ್ಣೆಯೊಂದಿಗೆ ಬೆರೆತು, ಮೂಗಿಗೆ ಒದೆಯುವ ಹುಳಿ ನಾತ ದಂಡೆಯ ತುಂಬ. ಗುತ್ತಿಗೆದಾರನ ಕಡೆಯವನೊಬ್ಬ ಕೊಂಬೆಗಳನ್ನು ಲಾರಿಗೆ ಹಾಕಿಸುತ್ತಿದ್ದ. ಚಿಗುರು ಬೇಕಾದವರು ಈಗಲೇ ತೆಗೆದುಕೊಳ್ಳಬೇಕು, ಮಧ್ಯಾಹ್ನದ ಮೇಲೆ ಏನೂ ಉಳಿಯುವುದಿಲ್ಲ ಎಂದ.

ಜನ ಮನೆಗೆ ಓಡಿ ತಮ್ಮ ತಮ್ಮ ಮಾವಿನ ಸಸಿಗಳನ್ನು ಕೊಟ್ಟೆ ಸಮೇತ ಎತ್ತಿಕೊಂಡು ಬಂದರು. ಹನ್ನೊಂದು ಜನ. ಯಲ್ಲಾಪುರದ ಕಡೆಯಲ್ಲಿ ಬೇರೆ ಕಸಿ ಕಟ್ಟುವವರಿದ್ದರು, ಕರೆತರಲು ಹೊತ್ತಿರಲಿಲ್ಲ. ಶಾರದಕ್ಕನೇ ಹೇಳಿದಳು: "ಕೈಗುಣ ಹೋದ್ರೆ ಹೋತು, ಗಣಪಣ್ಣನ್ನೇ ಕರೀರೋ. ಸುಮ್ನೆ ಒಣಗೂದಕ್ಕಿಂತ ಅಡ್ಡಿಲ್ಲೆ."

ಗಣಪಣ್ಣ ಬಂದು ಬಿದ್ದ ಮರದ ಮೇಲೆ ಕೂತ. ಹಳ್ಳದ ದಂಡೆಯಲ್ಲಿ ಗೋಡೆ ಇರಲಿಲ್ಲ. ಯಾವ ಕಡೆಗೆ ತಿರುಗಿದರೂ ಸಸಿ ಹಿಡಿದುಕೊಂಡ ಜನ. ಚಾಕು ತೆಗೆದ. ಬಲಗೈಯಲ್ಲಿ ಹಿಡಿದ. ಒಂದು ಚಿಗುರುಕಡ್ಡಿ ಕೊಯ್ದ, ಹರಿಯಿತು. ಇನ್ನೊಂದು ಕೊಯ್ದ, ಅದೂ ಹರಿಯಿತು. ಮೂರನೆಯ ಕಡ್ಡಿಯನ್ನು ಬಹಳ ಹೊತ್ತು ನೋಡುತ್ತ ಕೂತ. ನಾನು ಅವನನ್ನು ನೋಡದೆ ನೀರಿನ ಕಡೆಗೆ ನೋಡುತ್ತಿದ್ದೆ. ಟಕ್ ಎಂದು ಚಾಕು ಮಡಚಿದ ಸದ್ದಾಯಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಮತ್ತೆ ಟಕ್ ಎಂದಿತು. ತಿರುಗಿದರೆ ಚಾಕು ಎಡಗೈಯಲ್ಲಿತ್ತು.

ಕಡ್ಡಿ ಒಂದೇ ಎಳೆತಕ್ಕೆ ಬಿಟ್ಟುಕೊಂಡಿತು. ಗಾಯ ಹೊಳೆಯಿತು. ಅಂಥ ಕೊಯ್ತವನ್ನು ನಾನು ಅದರ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮೊದಲು ಒಂದು ಹೆಂಗಸು ತನ್ನ ಸಸಿಯನ್ನು ಸೆರಗಿನ ಮರೆಗೆ ತಂದುಕೊಂಡಳು. ಆಮೇಲೆ ಇಬ್ಬರು ಹಿಂದೆ ಸರಿದರು.

"ಇಷ್ಟು ವರ್ಷ ಇದೇ ಕೈಲಾ?" ಎಂದಳು ಶಾರದಕ್ಕ. "ಎನ್ನ ತೋಟದ್ದೂ ಇದೇ ಕೈಲಾ?"

"ಎಲ್ಲಾ ಇದೇ ಕೈಲಿ," ಎಂದ ಗಣಪಣ್ಣ, ತಲೆ ಎತ್ತದೆ. "ನೀ ದೇವರಿಗೆ ಇಡೂ ಜೀರಿಗೆ ಮಾವೂ."

ಶಾರದಕ್ಕ ಥೂ ಎಂದಳೋ, ಅಥವಾ ಬರೀ ಉಸಿರು ಬಿಟ್ಟಳೋ, ಖಾತ್ರಿಯಿಲ್ಲ. ಸಸಿ ಎತ್ತಿಕೊಂಡು ಹೊರಟುಹೋದಳು. ಅವಳ ಹಿಂದೆ ಮತ್ತೆ ಕೆಲವರು, ಅವರಲ್ಲಿ ನಾಲ್ವರು ತಮ್ಮ ಸಸಿಯನ್ನು ಅಲ್ಲೇ ಬಿಟ್ಟು. ಉಳಿದವರು ಐದು ಜನ. ಕೆಳಗಿನ ಕೇರಿಯ ಬೀರ ಗೌಡ ತನ್ನ ಸಸಿಯನ್ನು ಗಣಪಣ್ಣನ ಕಾಲ ಬುಡದಲ್ಲಿಟ್ಟ.

"ಕಟ್ಟು ಗಣಪಣ್ಣ. ಎಡ ಯಾವ್ದು ಬಲ ಯಾವ್ದು ಗಿಡಕ್ಕೆಂತ ಗೊತ್ತು? ನಂಗೆ ಉಪ್ಪಿನಕಾಯಿ ಬೇಕು ಅಷ್ಟೇ."

ಗಣಪಣ್ಣ ಮಧ್ಯಾಹ್ನದ ತನಕ ಕಟ್ಟಿದ. ಉಳಿದವರದ್ದು ಮುಗಿದ ಮೇಲೆ, ಬಿಟ್ಟುಹೋದವರು ಇಟ್ಟುಹೋದ ಸಸಿಗಳಿಗೂ ಕಟ್ಟಿದ. ಒಟ್ಟು ಒಂಬತ್ತು. ಅವುಗಳಲ್ಲಿ ಏಳು ಹತ್ತಿದವು. ಹಳ್ಳದಪ್ಪೆ ಈಗ ಏಳು ಕಡೆ ಇದೆ. ಬೀರ ಗೌಡನದು ಹೋದ ವರ್ಷ ಹೂ ಬಿಟ್ಟಿತು. ಗಣಪಣ್ಣನನ್ನು ಕಸಿಗೆ ಕರೆಯುವವರು ಆಮೇಲೆ ಕಡಿಮೆಯಾದರು, ಪೂರ್ತಿ ನಿಲ್ಲಲಿಲ್ಲ. ಕರೆದಲ್ಲಿ ಅವನು ಅಂಗಳದ ನಡುವೆ ಕೂತೇ ಕಟ್ಟಿದ.

ಕಥೆಯನ್ನು ನಾನು ಯಾವಾಗಲೂ ಇಲ್ಲಿಗೆ ಮುಗಿಸುತ್ತೇನೆ. ಕೇಳಿದವರು ಶಾರದಕ್ಕನನ್ನು ಬೈಯುತ್ತಾರೆ, ಬೀರ ಗೌಡನನ್ನು ಹೊಗಳುತ್ತಾರೆ, ನಾನು ಬೀರ ಗೌಡನ ಪಕ್ಕದಲ್ಲಿ ನಿಂತವನಂತೆ ತಲೆಯಾಡಿಸುತ್ತೇನೆ.

ಆ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ, ಒಂಬತ್ತರಲ್ಲಿ ಒಂದು ಸಸಿಯನ್ನು ಗಣಪಣ್ಣ ನನಗೆಂದು ಎತ್ತಿದ. ಬಲಗೈಯಲ್ಲಿ ಮಡಚಿದ ಚಾಕು ಇತ್ತು. ಸಸಿಯನ್ನು ಎಡಗೈಯಲ್ಲಿ ಹಿಡಿದು ನನ್ನ ಕಡೆಗೆ ಚಾಚಿ, "ತಗ ತಮಾ, ಇದು ನಿಂದು," ಎಂದ. ಕೈ ಸೊನೆಯಿಂದ ಹೊಳೆಯುತ್ತಿತ್ತು. ಆ ಕೈಗಾಗಿಯೇ ನಾನು ಬೆರಳು ಸವೆಸಿದ್ದು. ನನ್ನ ಕೈ ಮುಂದೆ ಹೋಗಲಿಲ್ಲ. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಅದಕ್ಕಿಂತ ಹೆಚ್ಚಿಲ್ಲ. ನಾನು ಯೋಚಿಸಿ ತಡೆದದ್ದಲ್ಲ. ಎಡಗೈಯಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬಾರದೆಂದು ನನ್ನ ತೋಳಿಗೆ ಯಾರೋ ಯಾವಾಗಲೋ ಕಲಿಸಿದ್ದರು, ತೋಳು ಮರೆತಿರಲಿಲ್ಲ.

ಗಣಪಣ್ಣ ನನ್ನ ಮುಖ ನೋಡಲಿಲ್ಲ. ಚಾಕುವನ್ನು ಕಿಸೆಗೆ ಹಾಕಿಕೊಂಡ. ಸಸಿಯನ್ನು ಬಲಗೈಗೆ ದಾಟಿಸಿಕೊಂಡು, ಮೊದಲ ಸಲವೇ ಕೊಡುತ್ತಿರುವವನಂತೆ, ಮತ್ತೆ ಚಾಚಿದ.

ಆಗ ತೆಗೆದುಕೊಂಡೆ.